ಒಂಬತ್ತು ಒತ್ತಿದರೆ ಪುಷ್ಪಾ

ಮನುಷ್ಯ ಬೇಕು ಎಂದು ನಾನು ಬಸ್ಸಿನಲ್ಲಿ ಕಿರುಚಿದ್ದು ನಿಜ. ಕುಡಿದಿದ್ದೆ ಎಂದು ಕೆಲವರು ಹೇಳುತ್ತಾರೆ, ಅದು ಸುಳ್ಳು. ನಾನು ಕುಡಿದದ್ದು ನಾಮಕರಣದ ಮನೆಯ ಪಾಯಸ ಮಾತ್ರ.

ಪಿರಿಯಾಪಟ್ಟಣದಲ್ಲಿ ಆ ನಾಮಕರಣ ಮುಗಿಸಿಕೊಂಡು ಹುಣಸೂರಿಗೆ ವಾಪಸು ಬರುತ್ತಿದ್ದೆ. ಹೊಟ್ಟೆ ತುಂಬಿ, ಕಿಟಕಿ ಪಕ್ಕದ ಸೀಟೂ ಸಿಕ್ಕಿದರೆ ನನ್ನಂಥವನಿಗೆ ಒಂದೋ ನಿದ್ದೆ ಬರಬೇಕು, ಇಲ್ಲವೇ ಹೆಂಡತಿ ಹೇಳಿದ ಕೆಲಸ ನೆನಪಾಗಬೇಕು. ಅವತ್ತು ಎರಡನೆಯದಾಯಿತು. ಕೆಲಸವೆಂದರೆ ಒಲೆಯದು.

'ನೆಲನಂಟು' ಎಂಬ ಕಂಪನಿಯವರು ಆನ್‌ಲೈನಿನಲ್ಲಿ ಮಾರುವ ಹೊಗೆ ಬಾರದ ಒಲೆ ಅದು. ನೋಡುವುದಕ್ಕೆ ಬಕೆಟ್ಟಿನ ಹಾಗಿರುತ್ತದೆ. ಬುಡದಲ್ಲೊಂದು ಪುಟ್ಟ ಫ್ಯಾನು, ಅದನ್ನು ಮೊಬೈಲಿನಂತೆ ಚಾರ್ಜು ಮಾಡಬೇಕು. ಫ್ಯಾನು ತಿರುಗುತ್ತಿದ್ದರೆ ನಾಲ್ಕು ತೆಂಗಿನ ಚಿಪ್ಪು, ಒಂದು ಹಿಡಿ ಪುರಲೆ ಕಡ್ಡಿಯಲ್ಲಿ ಒಂದು ಮನೆಯ ಅಡಿಗೆ ಮುಗಿಯುತ್ತದೆ. ಹೊಗೆಯ ಸುಳಿವಿಲ್ಲ. ಫ್ಯಾನು ನಿಂತರೆ ಮಾತ್ರ ಅದು ಹೊಗೆ ಬಿಟ್ಟು ಬೇರೇನೂ ಬಾರದ ಒಲೆ.

ಭೂಮಿಯ ಭವಿಷ್ಯದ ಬಗ್ಗೆ ಯಾರೋ ಮಾಡಿದ ಭಾಷಣ ಕೇಳಿ ಮನೆಗೆ ಬಂದ ಸಂಜೆ ನಾನದನ್ನು ತರಿಸಲು ಬೆರಳೊತ್ತಿದ್ದೆ. ಇನ್ನು ಮುಂದೆ ಗೀಸರ್ ಹಾಕುವಂತಿಲ್ಲ, ತಾರಸಿಯ ಮೇಲೆ ಈ ಒಲೆಯಲ್ಲೇ ಸ್ನಾನದ ನೀರು ಕಾಯಿಸುವುದು ಎಂದು ಮನೆಯಲ್ಲಿ ಘೋಷಣೆಯೂ ಆಯಿತು. ಭೂಮಿ ಚೇತರಿಸಿಕೊಳ್ಳುವ ಮೊದಲೇ ಫ್ಯಾನು ನಿಂತಿತು. ಪಕ್ಕದ ತಾರಸಿಯಲ್ಲಿ ಒಣಗುತ್ತಿದ್ದ ಬಿಳಿ ಪಂಚೆಗಳೆಲ್ಲ ಬೂದು ಬಣ್ಣಕ್ಕೆ ತಿರುಗಿದವು. "ಭೂಮಿ ಉಳಿಸೋದು ಆಮೇಲಾಯ್ತು, ಮೊದ್ಲು ಪಕ್ಕದ ಮನೆಯವ್ರ ಪಂಚೆ ಉಳಿಸಿ," ಎಂದಳು ನನ್ನ ಹೆಂಡತಿ ಉಷಾರಾಣಿ.

ಹಾಗಾಗಿ ಬಸ್ಸಿನಲ್ಲಿ ಕೂತು ಕಂಪನಿಗೆ ಫೋನು ಹಚ್ಚಿದೆ. ಎತ್ತಿಕೊಂಡದ್ದು ಒಂದು ಹೆಣ್ಣು ದನಿಯ ಯಂತ್ರ. ಅದರ ಹೆಸರು ಹಸಿರಕ್ಕ ಎಂದು ಅದೇ ಹೇಳಿಕೊಂಡಿತು. ಯಾವ ತಾಲ್ಲೂಕಿಗೂ ಸೇರದ, ಇಸ್ತ್ರಿ ಮಾಡಿದಂಥ ಕನ್ನಡ. ನನ್ನ ಕಷ್ಟವನ್ನೆಲ್ಲ ಹೇಳಿಸಿಕೊಂಡು, "ನಿಮಗೆ ಪರಿಸರಸ್ನೇಹಿ ಬ್ರಷ್ ಬೇಕೆಂದು ತಿಳಿಯಿತು," ಎಂದಿತು. ಅಲ್ಲವೆಂದೆ. "ಮನುಷ್ಯರ ಸಹಾಯ ಬೇಕಿದ್ದರೆ 'ಮನುಷ್ಯ' ಎಂದು ಹೇಳಿ," ಎಂದಿತು. ಹೇಳಿದೆ. ಕೇಳಿಸಲಿಲ್ಲ ಎಂದಿತು. ಬಸ್ಸಿನ ಗಲಾಟೆಯಲ್ಲಿ ನನಗೂ ಕೇಳಿಸಿರಲಿಲ್ಲ. ದನಿ ಏರಿಸಿದೆ. ಮತ್ತೆ ಕ್ಷಮೆ ಕೇಳಿತು. ಅಷ್ಟರಲ್ಲಿ ಕಂಪಲಾಪುರ ಬಂತು. ಡ್ರೈವರು ಎಂಜಿನ್ ಆಫ್ ಮಾಡಿದ್ದೂ, ನಾನು ಇದ್ದ ಉಸಿರನ್ನೆಲ್ಲ ಕೂಡಿಸಿ, "ಮನುಷ್ಯ! ಮನುಷ್ಯ ಬೇಕು! ಒಬ್ಬನಾದ್ರೂ ಮನುಷ್ಯ ಇಲ್ವಾ?" ಎಂದು ಕೂಗಿದ್ದೂ ಒಂದೇ ಕ್ಷಣಕ್ಕೆ ಸರಿಹೋಯಿತು.

ಇಡೀ ಬಸ್ಸು ತಿರುಗಿ ನೋಡಿತು. ಕಿಟಕಿಯ ಹೊರಗೆ ಸೌತೆಕಾಯಿ ಮಾರುತ್ತಿದ್ದ ಹೆಂಗಸು ಮಂಕರಿಯನ್ನು ಎದೆಗವಚಿಕೊಂಡು ಹಿಂದೆ ಸರಿದಳು. ಕಂಡಕ್ಟರು ನನ್ನ ಹತ್ತಿರ ಬಂದು, "ಸಾರ್, ಇಲ್ಲಿರೋರೆಲ್ಲ ಟಿಕೆಟ್ ತಗಂಡಿರೋ ಮನುಸ್ರೇ. ನಿಮ್ಗೆ ಯಾವ್ ಥರದ್ದು ಬೇಕಾಗಿತ್ತು?" ಎಂದ.

ಆಗಷ್ಟೇ ಬಸ್ಸು ಹತ್ತಿದ್ದ ಹೆಂಗಸೊಬ್ಬಳು ಕಂಬಿ ಹಿಡಿದು ನಿಂತಿದ್ದಳು. ಮೂವತ್ತೆಂಟು, ನಲವತ್ತರ ಪ್ರಾಯ. ಹೆಗಲಲ್ಲೊಂದು ಬ್ಯಾಗು, ಬ್ಯಾಗಿನಿಂದ ಇಣುಕುವ ಸ್ಟೀಲ್ ಲೋಟ. ನನ್ನ ಫೋನಿನಿಂದ ಇನ್ನೂ ಕ್ಷಮೆ ಕೇಳುತ್ತಿದ್ದ ಹಸಿರಕ್ಕನ ದನಿ ಅವಳಿಗೆ ಗುರುತು ಸಿಕ್ಕಿತೆಂದು ಕಾಣುತ್ತದೆ.

"ಕೂಗಿದ್ರೆ ಅದು ಕೇಳಲ್ಲ ಸಾರ್. ಒಂಬತ್ತು ಒತ್ತಿ," ಎಂದಳು.

ಒತ್ತಿದೆ. ರಿಂಗಾಯಿತು. ಆಗುತ್ತಲೇ ಇತ್ತು.

"ಯಾರೂ ಎತ್ತಲ್ವಲ್ಲಮ್ಮ?"

"ಎತ್ತಬೇಕಾದೋಳು ನಾನೇ ಸಾರ್. ಇವತ್ತು ಅರ್ಧ ದಿನ ರಜ, ಇನ್ನೂ ಬಸ್ಸಲ್ಲಿವ್ನಿ. ಆಫೀಸಿಗೆ ಹೋಯ್ತಿದ್ದಂಗೆ ಎತ್ತೀನಿ, ಅಲ್ಲೀಗಂಟ ಹಿಡ್ಕಂಡಿರಿ," ಎಂದಳು.

ಬಸ್ಸಿನವರು ನಕ್ಕರು. ಅವಳು ನಗಲಿಲ್ಲ. ಅವಳು ಪುಷ್ಪಾ.

*

ಮರುದಿನ ಒಲೆಯನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಅವಳ ಆಫೀಸಿಗೆ ಹೋದೆ. ಹುಣಸೂರಿನಲ್ಲೇ ಕಲ್ಕುಣಿಕೆಯ ಕಡೆ ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿ. ಮೇಲೆ ಉದ್ದನೆಯ ಹಾಲು, ಸಾಲಾಗಿ ಕುರ್ಚಿ ಮೇಜುಗಳು. ಒಂದು ಕುರ್ಚಿಯಲ್ಲಿ ಮಾತ್ರ ಜನ, ಅದು ಪುಷ್ಪಾ. ಉಳಿದ ಕುರ್ಚಿಗಳ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದರು. ಗೋಡೆಯ ತುಂಬ ಪ್ಲಾಸ್ಟಿಕ್ ತ್ಯಜಿಸಿ ಎಂಬ ಚಿತ್ರಪಟಗಳು. ಕೆಳಗಿನ ಹೋಟೆಲಿನಿಂದ ಕಾಫಿ ಬಂದದ್ದು ಪ್ಲಾಸ್ಟಿಕ್ ಲೋಟದಲ್ಲಿ. ಪುಷ್ಪಾ ತನ್ನದನ್ನು ಸ್ಟೀಲ್ ಲೋಟಕ್ಕೆ ಸುರಿದುಕೊಂಡಳು.

"ನೋಡಿ, ಹಸಿರು ಜೀವನ ಅಂದ್ರೆ ಇದು," ಎಂದು ನಾನು ಮೆಚ್ಚಿದೆ.

"ಅದ್ರಲ್ಲಿ ಬಿಸಿ ನಿಲ್ಲಲ್ಲ ಸಾರ್, ಅದ್ಕೆ," ಎಂದಳು.

ಮೊದಲು ಆ ಮಹಡಿಯ ಎಲ್ಲ ಕುರ್ಚಿಗಳಲ್ಲೂ ಹೆಣ್ಣುಮಕ್ಕಳಿದ್ದರಂತೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕು ತಾಲ್ಲೂಕಿನ ಮಹಿಳಾ ಸಂಘಗಳಿಗೆ ಕಂಪನಿ ಒಲೆ ಹಂಚಿದಾಗ ಬಂದ ಫೋನುಗಳು ಅಷ್ಟಿದ್ದವು. ಆಮೇಲೆ ಹಸಿರಕ್ಕ ಬಂದಳು. ಒಂದೊಂದೇ ಕುರ್ಚಿಗೆ ಪ್ಲಾಸ್ಟಿಕ್ ಬಂತು. ಕೊನೆಗೆ ಒಬ್ಬ ಮನುಷ್ಯರಾದರೂ ಇರಲಿ ಎಂದು ಪುಷ್ಪಾಳನ್ನು ಉಳಿಸಿಕೊಂಡು, ಒಂಬತ್ತನೇ ಅಂಕಿಯ ಹಿಂದೆ ಕೂರಿಸಿದರು. ಹಾಗೆ ಕೂರಿಸಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಆದರೂ ಸಂಘದ ಹೆಂಗಸರಿಗೆಲ್ಲ ಗೊತ್ತಾಗಿತ್ತು. ಹಳ್ಳಿಯಲ್ಲಿ ಗುಟ್ಟಾಗಿ ಇಟ್ಟ ವಿಷಯ ಹರಡಿದಷ್ಟು ಬೇಗ ಡಂಗುರ ಹೊಡೆದದ್ದು ಹರಡುವುದಿಲ್ಲ.

ನನ್ನ ಒಲೆಯನ್ನು ತಿರುಗಿಸಿ ನೋಡುತ್ತಿದ್ದಾಗಲೇ ಅವಳ ಫೋನು ಬಡಿದುಕೊಂಡಿತು. ಕಿವಿಗೆ ಹಾಕುವ ಸಲಕರಣೆ ಕೆಟ್ಟಿತ್ತು. ಅದರ ದೂರನ್ನೂ ಹಸಿರಕ್ಕನಿಗೇ ಕೊಡಬೇಕಂತೆ, ಕೊಟ್ಟಿದ್ದಾಳಂತೆ. ಹಾಗಾಗಿ ಸ್ಪೀಕರಿನಲ್ಲೇ ಮಾತು.

"ನಮಸ್ಕಾರ, ನೆಲನಂಟು. ನಾನು ಪುಷ್ಪಾ."

"ನಾನು ಕಣವ್ವ."

"ಯಾವೂರವ್ವಾ?"

"ಬೆಟ್ಟದಪುರ ಕಣ್ ಮಗ, ಮಂಗಳಮ್ಮ. ಒಲೆದು ಪ್ಯಾನು ತಿರುಗಾಕಿಲ್ಲ ಅಂತ ಅಟ ಇಡ್ದದೆ."

"ಒಲೆ ಯಾರ ಹೆಸ್ರಲ್ಲದೆ?"

"ನಮ್ಮನೇವ್ರ ಎಸ್ರಲ್ಲಿ."

"ಅವ್ರ ಹೆಸ್ರು?"

ಫೋನಿನಲ್ಲಿ ಕೋಳಿ ಕೆದರುವ ಸದ್ದು ಬಂತು, ಮತ್ತೇನಿಲ್ಲ. ಲೈನು ಹೋಯಿತೆಂದುಕೊಂಡೆ ನಾನು. ಪುಷ್ಪಾ ಮಾತ್ರ ನಿಧಾನವಾಗಿ ಒಂದು ಗುಟುಕು ಕಾಫಿ ಕುಡಿದು ಕೇಳಿದಳು: "ದೇವ್ರ ಹೆಸ್ರಾ ಅವ್ವಾ?"

"ಊಂ."

"ನಿಮ್ಮ ಬೆಟ್ಟದ ಮೇಲಿರೋ ದೇವ್ರದಾ?"

"ಅದಲ್ಲ ಬುಡು. ಒಳೆ ದಂಡೇಲಿ ದೊಡ್ಡ ಗುಡೀಲಿ ಕುಂತವ್ನಲ್ಲ, ಅವ್ನು."

"ನಂಜಪ್ಪನವ್ರಾ?"

"ಅದ್ರ ಮುಂದ್ಕೆ ಇನ್ನೊಂದು ಸೇರ್ಸು. ಸೋಮವಾರದ್ದು."

"ಶಿವನಂಜಪ್ಪನವ್ರು."

"ಊಂ ಕಣ್ ಮಗ! ನಿನ್ ಬಾಯಿಗೆ ಸಕ್ರೆ ಆಕ!"

ನಮ್ಮ ಕಡೆಯ ಹಳೇ ತಲೆಮಾರಿನ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ನಂಬಿಕೆ. ಸಂಘದ ಒಲೆಗಳೆಲ್ಲ ದಾಖಲಾಗಿದ್ದದ್ದು ಗಂಡಂದಿರ ಹೆಸರಿನಲ್ಲಿ, ಯಾಕೆಂದರೆ ಮೊಬೈಲ್ ಸಿಮ್ಮು ಅವರ ಹೆಸರಿನಲ್ಲಿತ್ತು. ಗಂಡಂದಿರೇ ಫೋನು ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ.

"ಒಲೆ ವಿಷ್ಯಕ್ಕೆ ಯಾವ ಗಂಡಸು ಫೋನ್ ಮಾಡ್ತಾನೆ ಸಾರ್? ಈ ನಾಕು ತಾಲ್ಲೂಕಲ್ಲಿ ಒಲೆ ಅಂತ ಬಾಯ್ಬಿಟ್ಟ ಮೊದಲ್ನೇ ಗಂಡಸು ನೀವೇ," ಎಂದಳು. ಹೊಗಳಿದಳೋ ಇಲ್ಲವೋ ತಿಳಿಯಲಿಲ್ಲ.

"ಹಸಿರಕ್ಕ ಇವ್ರನ್ನ ಏನು ಮಾಡ್ತಾಳೆ?"

"ಮಾಲೀಕರ ಹೆಸರನ್ನು ಸ್ಪಷ್ಟವಾಗಿ ಹೇಳಿ ಅಂತದೆ. ಇವ್ರು ಸುಮ್ಕಿರ್ತಾರೆ. ಇನ್ನೊಂದು ಸಲ ಅಂತದೆ. ಇವ್ರು ಸುಮ್ಕೇ ಇರ್ತಾರೆ. ಆಮೇಲೆ ಶುಭದಿನ ಅಂದ್ಬುಟ್ಟು ಇಟ್ಬುಡ್ತದೆ. ಮಾತಾಡ್ಲಿಲ್ಲ ಅಂದ್ರೆ ದೂರು ಇಲ್ಲ ಅಂತ ಲೆಕ್ಕ ಸಾರ್."

ನನ್ನ ದೂರನ್ನು ಅವಳು ಬರೆದುಕೊಂಡಳು. ಹೆಸರು ಹೇಳಲು ನನಗೆ ಯಾವ ಸಂಕೋಚವೂ ಇಲ್ಲದ್ದರಿಂದ ಬೇಗ ಮುಗಿಯಿತು.

*

ಆಮೇಲೆ ಆ ಮಹಡಿಗೆ ನಾನು ಆಗಾಗ ಹೋಗತೊಡಗಿದೆ. ಫ್ಯಾನು ಬಂತೇ ಎಂದು ಕೇಳುವುದು ನೆಪ. ಮನುಷ್ಯರ ಜೊತೆ ಮಾತಾಡಿ ದುಡಿಯುವ ಕೆಲಸ ಹೇಗಿರುತ್ತದೆಂದು ನೋಡುವ ಆಸೆ ನಿಜವಾದ ಕಾರಣ. ಅವಳು ಮಾತ್ರ ನನ್ನನ್ನು ಇನ್ನೊಂದು ಕುರ್ಚಿಯ ಹಾಗೆ ಕಂಡಳು. ಬಿಡುವಾದಾಗ ಮಾತಾಡುವಳು, ಫೋನು ಬಂದರೆ ಮರೆಯುವಳು.

ಕಂಪಲಾಪುರದವಳು. ಪಿಯುಸಿ ಮುಗಿದ ವರ್ಷವೇ ಮದುವೆ. ಗಂಡ ಗೂಡ್ಸ್ ಆಟೊ ಓಡಿಸುತ್ತಾನೆ. ಅವನ ಹೆಸರೇನೆಂದು ನಾನು ಕೇಳಲಿಲ್ಲ. ಮದುವೆಯಾದಂದಿನಿಂದ ಈ ಕೆಲಸ ಸಿಗುವವರೆಗೆ ಅವಳು ಮಾಡಿದ್ದು ಹೊಗೆಸೊಪ್ಪು ಕಟ್ಟುವ ಕೂಲಿ. ಹೊಲದಿಂದ ಬಂದ ಹಸಿ ಎಲೆಯನ್ನು ಕಡ್ಡಿಗೆ ದಾರದಲ್ಲಿ ಹೆಣೆದು ಬ್ಯಾರನ್ನಿಗೆ ಏರಿಸಬೇಕು. ಬ್ಯಾರನ್ನೆಂದರೆ ಸೊಪ್ಪು ಬೇಯಿಸುವ ಎತ್ತರದ ಮನೆ, ಅದರ ಹೊಟ್ಟೆಗೆ ಮರಗಳನ್ನೇ ತುಂಬುತ್ತಾರೆ. ನನ್ನ ಒಲೆ ವರ್ಷವೆಲ್ಲ ಉಳಿಸುವ ಸೌದೆಯನ್ನು ಅದು ಒಂದು ಆಕಳಿಕೆಗೆ ಮುಗಿಸುತ್ತದೆ. ಹಸಿ ಸೊಪ್ಪಿನ ಅಂಟು ಕೈಗೆ ಮೆತ್ತಿ ಕಪ್ಪಾಗಿ ಕೂರುತ್ತದೆ. ಮಳೆಗಾಲದಲ್ಲಿ ಒದ್ದೆ ಎಲೆ ಮುಟ್ಟಿದವರಿಗೆ ತಲೆ ಸುತ್ತಿ ವಾಂತಿ.

"ಎಷ್ಟು ತೊಳೆದ್ರೂ ಹೋಗಲ್ಲ ಸಾರ್. ಕಲಸಿದ ಅನ್ನ ಕಹಿ. ಮಗೀಗೆ ತುತ್ತು ಕೊಟ್ರೆ ಉಗೀತಿತ್ತು. ಇಲ್ಲಿಗೆ ಬಂದ್ಮೇಲೇ ನಂಗೆ ಅನ್ನದ ರುಚಿ ಗೊತ್ತಾಗಿದ್ದು. ಈ ಕುರ್ಚಿ ಹೋದ್ರೆ ಮತ್ತೆ ಅಲ್ಲಿಗೇ," ಎಂದು ಒಮ್ಮೆ ಹೇಳಿದಳು. ಹೇಳುವಾಗ ಅಂಗೈಯನ್ನು ಮೇಜಿನ ಮೇಲೆ ಮಗುಚಿ ನೋಡಿಕೊಂಡಳು. ಅಷ್ಟರಲ್ಲಿ ಫೋನು ಬಂತು. ಬಿಳಿಕೆರೆಯ ಹೆಂಗಸು, ಗಂಡನದು ಮರದ ಹೆಸರೋ ಮನುಷ್ಯನ ಹೆಸರೋ ಎಂಬಲ್ಲಿಂದ ಶುರುವಾಯಿತು.

ತಿಂಗಳಿಗೊಮ್ಮೆ ಬರುವ ಮ್ಯಾನೇಜರು ವಿರೂಪಾಕ್ಷ ಅವತ್ತು ಬಂದ. ಕೆ.ಆರ್. ನಗರದ ಹುಡುಗ, ಒಳ್ಳೆಯವನು, ಕೊರಳಲ್ಲಿ ಟೈ. ಕೆಟ್ಟ ಸುದ್ದಿಯನ್ನು ಇಂಗ್ಲಿಷ್ ಬೆರೆಸಿ ಹೇಳಿದರೆ ನೋವು ಕಡಿಮೆಯಾಗುತ್ತದೆಂದು ಅವನಿಗೆ ಯಾರೋ ಕಲಿಸಿದ್ದರು.

"ಮೇಡಂ, ಹೆಡ್ ಆಫೀಸಿಂದ ಒಂದು ಸರ್ವೆ. ಒಲೆ ತಗೊಂಡ ಎಲ್ರಿಗೂ ಹಸಿರಕ್ಕ ಫೋನ್ ಮಾಡ್ತಾಳೆ. ಮನುಷ್ಯರ ಸಹಾಯ ಮುಂದೆಯೂ ಬೇಕು ಅಂದ್ರೆ ಒಂದು ಒತ್ತಬೇಕು, ಬೇಡ ಅಂದ್ರೆ ಎರಡು. ಜಾಸ್ತಿ ಜನ ಬೇಕು ಅಂದ್ರೆ ನಿಮ್ಮ ಸೀಟು ಪರ್ಮನೆಂಟು."

"ಬ್ಯಾಡ ಅಂದ್ರೆ?"

ವಿರೂಪಾಕ್ಷ ಟೈ ಸರಿಮಾಡಿಕೊಂಡ.

ನನಗೆ ಅನುಮಾನವೇ ಇರಲಿಲ್ಲ. ನಾಲ್ಕು ತಾಲ್ಲೂಕಿನ ಹೆಂಗಸರು ಇವಳನ್ನು ಮಗಾ ಎನ್ನುತ್ತಾರೆ. ಬೇಡ ಎನ್ನುವವರು ಯಾರು? "ಆದ್ರೂ ಬರೋ ಫೋನಿಗೆಲ್ಲ ಒಂದು ಮಾತು ಹೇಳಿಬಿಡಿ, ಒಂದು ಒತ್ತಿ ಅಂತ," ಎಂದೆ, ವಿರೂಪಾಕ್ಷ ಕೆಳಗಿಳಿದ ಮೇಲೆ.

"ಹೇಳಂಗಿಲ್ಲ ಸಾರ್, ಎಲ್ಲ ರೆಕಾರ್ಡ್ ಆಯ್ತದೆ. ಅಲ್ದೆ ನನ್ನನ್ನ ಇಟ್ಕಳಿ ಅಂತ ನಾನೇ ಹೆಂಗೆ ಕೇಳ್ಲಿ? ಚೆನ್ನಾಗಿರಲ್ಲ."

"ಹಾಗಾದ್ರೆ ನಾನು ಹೇಳ್ತೀನಿ."

"ನೀವಾ?" ಎಂದಳು.

*

ನಾನು ಚಳವಳಿಗಿಳಿದೆ. ನಮ್ಮೂರಿನಲ್ಲಿ ಪರಿಸರಪ್ರೇಮಿಗಳ ಬಳಗವೊಂದಿದೆ, ನಾನು ಅದರ ಜಂಟಿ ಕಾರ್ಯದರ್ಶಿ. ಕರಪತ್ರ ಮಾಡಿಸೋಣವೆಂದೆ. ಕಾಗದ ಎಂದರೆ ಮರ ಕಡಿದಂತೆ ಎಂದು ಅಧ್ಯಕ್ಷರು ಆಕ್ಷೇಪಿಸಿದರು. ಸರಿ, ಬಳಗದ ವಾಟ್ಸಾಪಿನಲ್ಲೇ ಉದ್ದದ ಮನವಿ ಬರೆದೆ: ಯಂತ್ರ, ಮನುಷ್ಯ, ಮಣ್ಣು, ಕರುಳು ಎಲ್ಲ ಬರುವಂತೆ. ಎಲ್ಲರೂ ಕೈಮುಗಿಯುವ ಚಿತ್ರ ಕಳಿಸಿದರು. ಅವರಲ್ಲಿ ಒಬ್ಬರ ಮನೆಯಲ್ಲೂ ಈ ಒಲೆ ಇಲ್ಲ, ಎಲ್ಲರ ಮನೆಯಲ್ಲೂ ಗೀಸರ್ ಇದೆ ಎಂಬುದು ನನಗೆ ಆಮೇಲೆ ಹೊಳೆಯಿತು.

ಒಲೆ ಇರುವಲ್ಲಿಗೇ ಹೋಗಬೇಕೆಂದು ತೀರ್ಮಾನಿಸಿ ಬೆಟ್ಟದಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಭಾಷಣ ಅಭ್ಯಾಸ ಮಾಡಿಕೊಂಡೆ, ಈ ಸಲ ಮನಸ್ಸಿನಲ್ಲೇ.

ಮಂಗಳಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಒಲೆ ಜಗಲಿಯ ಒಂದು ಮೂಲೆಯಲ್ಲಿತ್ತು. ಪುಷ್ಪಾ ಕಳಿಸಿಕೊಟ್ಟ ಹೊಸ ಫ್ಯಾನು ಹಾಕಿಸಿಕೊಂಡು, ಹಣೆಗೆ ಅರಿಶಿನ ಕುಂಕುಮ ಇಡಿಸಿಕೊಂಡು, ಹೊಗೆಯಿಲ್ಲದೆ ಹಾಲು ಕಾಯಿಸುತ್ತಿತ್ತು. ಇನ್ನೊಂದು ಮೂಲೆಯಲ್ಲಿ ಶಿವನಂಜಪ್ಪ ಎಲೆಅಡಿಕೆ ಜಗಿಯುತ್ತ ಕೂತಿದ್ದ. ಇಷ್ಟು ಕಷ್ಟಪಟ್ಟು ಕಂಡುಹಿಡಿದ ಹೆಸರಿನ ಮನುಷ್ಯ ಹೀಗೆ ಸುಲಭವಾಗಿ ಕಾಣಸಿಕ್ಕಿದ್ದು ನನಗೆ ವಿಚಿತ್ರವೆನಿಸಿತು.

ಪುಷ್ಪಾಳ ಹೆಸರು ಹೇಳಿದ್ದೇ ತಡ, ಚಾಪೆ ಬಂತು, ಕಾಫಿ ಬಂತು.

"ಆ ಮಗ ಚೆನ್ನಾಗದಾ? ಮೊನ್ನೆ ಪೋನಲ್ಲಿ ಕೆಮ್ತಿತ್ತು, ಕಸಾಯ ಮಾಡ್ಕಂಡು ಕುಡಿಯವ್ವ ಅಂದಿದ್ದೆ," ಎಂದರು ಮಂಗಳಮ್ಮ.

"ಚೆನ್ನಾಗಿದ್ದಾರಮ್ಮ. ಅವ್ರ ವಿಷ್ಯಕ್ಕೇ ಬಂದೆ. ನಿಮ್ಗೊಂದು ಫೋನ್ ಬರುತ್ತೆ, ಮನುಷ್ಯರು ಬೇಕಾ ಬೇಡ್ವಾ ಅಂತ..."

"ಬಂದಿತ್ತು ಕಣ್ರೀ! ಓದ್ವಾರನೇ ಬಂದಿತ್ತು. ಎರಡು ಒತ್ತುದೆ."

ನಾನು ಚಾಪೆಯ ಮೇಲೆ ನೆಟ್ಟಗೆ ಕೂತೆ. "ಎರಡಾ? ಎರಡು ಅಂದ್ರೆ ಬೇಡ ಅಂತಮ್ಮ."

"ಗೊತ್ತು ಬುಡಿ. ಬ್ಯಾಡ ಅಂತ್ಲೇ ಒತ್ತಿದ್ದು. ಅಲ್ಲ, ಪಾಪ, ಆ ಮಗ ಒಬ್ಳೇ ಕುಂತ್ಕಂಡು ಎಷ್ಟ್ ಜನಕ್ಕಂತ ಬಾಯಿ ಬಡ್ಕಬೇಕು? ನಾವು ಮುದ್ಕೀರು ಗಂಡನ್ ಎಸ್ರ ಯೋಳಕೇ ಅರ್ದ ದಿನ ಮಾಡ್ತೀವಿ. ನೀರು ಕುಡಿಯಾಕೂ ಬುಡಾಕಿಲ್ಲ ನಾವು. ಆ ಮಿಸೀನಾದ್ರೆ ಏನು, ಅದ್ಕೆ ಗಂಟ್ಲು ನೋಯ್ತದಾ? ಅದ್ಕೇ ಸಂಘದೋರ್ನೆಲ್ಲ ಕರ್ದು ಯೋಳ್ಬುಟ್ಟೆ, ಏ, ಆ ಮಗೀಗೆ ತೊಂದ್ರೆ ಕೊಡ್ಬ್ಯಾಡಿ ಕಣ್ರಮ್ಮಿ, ಎಲ್ಲಾರೂ ಎರಡೇ ಒತ್ತಿ ಅಂತ. ಒತ್ತವ್ರೆ. ಬೇರೆ ಊರಿನ ಸಂಘದೋರ್ಗೂ ಯೋಳ್ಸಿವ್ನಿ."

ಅವರ ಮುಖದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ ಬೆಳಕಿತ್ತು. ಅದನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಹೇಳಿದೆ. ಹೆಚ್ಚು ಜನ ಬೇಡ ಎಂದರೆ ಪುಷ್ಪಾಳ ಕುರ್ಚಿ ಹೋಗುತ್ತದೆ, ಕುರ್ಚಿ ಹೋದರೆ ಅವಳು ಮತ್ತೆ ಸೊಪ್ಪು ಕಟ್ಟಬೇಕು ಎಂದೆ. ಬಸ್ಸಿನಲ್ಲಿ ಕಟ್ಟಿಕೊಂಡ ಭಾಷಣದ ಒಂದು ಸಾಲೂ ಬಾಯಿಗೆ ಬರಲಿಲ್ಲ.

ಮಂಗಳಮ್ಮ ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟರು.

"ಕೆಲ್ಸ ಹೋಯ್ತದೆ ಅಂತ ಯಾರ್ ಯೋಳಿದ್ರು ನಮ್ಗೆ? ಬೇಕಾ ಬ್ಯಾಡ್ವಾ ಅಂತು. ತೊಂದ್ರೆ ಕೊಡ್ಬೇಕಾ ಬ್ಯಾಡ್ವಾ ಅಂತಲ್ವಾ ಅದ್ರ ಅರ್ಥ?" ಎಂದವರೇ ಗಂಡನ ಕಡೆ ತಿರುಗಿದರು. "ಏಳಿ ಮ್ಯಾಕೆ! ಪೋನ್ ಮಾಡಿ. ಎರಡಲ್ಲ, ಒಂದು ಅಂತ ಯೋಳಿ."

"ಒಲೆ ಬಾಬ್ತು ನಂಗ್ಯಾಕಮ್ಮಿ?" ಎಂದ ಶಿವನಂಜಪ್ಪ.

"ನಿಮ್ ಎಸ್ರಲ್ಲದೆ, ನೀವೇ ಬೊಗಳ್ಬೇಕು!"

ಶಿವನಂಜಪ್ಪ ಎಲೆಅಡಿಕೆ ಉಗಿದು ಬಂದು, ಬಾಯಿ ಮುಕ್ಕಳಿಸಿ, ಹೆಗಲ ಟವಲು ಕೊಡವಿ, ಫೋನನ್ನು ಮುಖದ ಮುಂದೆ ಹಿಡಿದು ನಿಂತ. ಹಸಿರಕ್ಕ ಹೆಸರು ಕೇಳಿದಳು. ತಾಲ್ಲೂಕು ಆಫೀಸಿನಲ್ಲಿ ಕೂಗಿ ಕರೆದಾಗ ಓಗೊಡುವವನ ಹಾಗೆ, "ಶಿವನಂಜಪ್ಪ, ಪುಟ್ಟಮಲ್ಲಪ್ಪನ ಮಗ, ಬೆಟ್ಟದಪುರ!" ಎಂದು ಗರ್ಜಿಸಿದ. ಅಷ್ಟರಲ್ಲಿ ಮಂಗಳಮ್ಮ ಒಳಗೆ ಕೋಣೆಗೆ ಓಡಿ ಕಿವಿ ಮುಚ್ಚಿಕೊಂಡಿದ್ದರು.

"ಧನ್ಯವಾದಗಳು, ಶಿವನಂಜಪ್ಪ ಅವರೇ. ನಿಮ್ಮ ಅಮೂಲ್ಯ ಅಭಿಪ್ರಾಯ ಈಗಾಗಲೇ ದಾಖಲಾಗಿದೆ. ಅದನ್ನು ಬದಲಿಸಲಾಗುವುದಿಲ್ಲ. ನನ್ನ ಮೇಲೆ ನೀವಿಟ್ಟ ವಿಶ್ವಾಸಕ್ಕೆ ಋಣಿ," ಎಂದಳು ಹಸಿರಕ್ಕ.

"ಏನಂತೆ?" ಎಂದು ಮಂಗಳಮ್ಮ ಒಳಗಿನಿಂದ ಕೇಳಿದರು.

"ಋಣಿ ಅಂತೆ," ಎಂದ ಶಿವನಂಜಪ್ಪ.

*

ಫಲಿತಾಂಶವನ್ನು ವಿರೂಪಾಕ್ಷನೇ ತಂದ. ನಾನೂ ಅಲ್ಲಿದ್ದೆ.

"ಇಂಥ ಒಮ್ಮತ ನಾವು ಯಾವ ಜಿಲ್ಲೇಲೂ ನೋಡಿಲ್ಲ ಸರ್," ಎಂದು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ. "ಬೇಕು ಅಂದೋರು ಬೆರಳೆಣಿಕೆ. ಹೆಡ್ ಆಫೀಸ್ನೋರು ಶಾಕ್ ಆಗಿದ್ದಾರೆ."

"ಅಲ್ಲಪ್ಪ, ಅವ್ರು ಬೇಡ ಅಂದದ್ದು ಪ್ರೀತಿಯಿಂದ. ಇವರಿಗೆ ತೊಂದ್ರೆ ಆಗ್ಬಾರ್ದು ಅಂತ."

"ಗೊತ್ತಾಯ್ತು ಸರ್. ಆದ್ರೆ ಪ್ರೀತಿಗೆ ಆಪ್ಷನ್ ಇಲ್ಲ. ಒಂದು, ಎರಡು, ಅಷ್ಟೇ." ಅವನ ದನಿ ಸಣ್ಣದಾಯಿತು. "ಮುಂದಿನ ಸರ್ವೆ ಮ್ಯಾನೇಜರ್‌ಗಳದ್ದಂತೆ ಸರ್."

ಪುಷ್ಪಾ ಅಳಬಹುದೆಂದು ನಾನು ಕರ್ಚೀಫು ಸಿದ್ಧ ಮಾಡಿಕೊಂಡಿದ್ದೆ. ಅದು ಕಡೆಗೆ ನನಗೇ ಬೇಕಾಯಿತು. ಅವಳು ಲೋಟ ತೊಳೆದುಕೊಂಡು ಬಂದಳು, ಸೆರಗಿನಲ್ಲಿ ಒರೆಸಿದಳು, ಬ್ಯಾಗಿಗೆ ಹಾಕಿಕೊಂಡಳು.

"ಬೆಟ್ಟದಪುರದ ಅವ್ವಂಗೆ ಬೇಜಾರಾಗಿರ್ತದೇನೋ. ನಾನು ಬೇರೆ ಕಡೆ ಒಳ್ಳೇ ಕೆಲ್ಸಕ್ಕೆ ಹೋದೆ ಅಂತ ಹೇಳ್ಬುಡಿ ಸಾರ್," ಎಂದಳು.

ಹೇಳುತ್ತೇನೆಂದೆ. ಕಂಪನಿಯ ಕಡೆಯಿಂದ ವಿರೂಪಾಕ್ಷ ಅವಳಿಗೊಂದು ಹೊಂಗೆ ಸಸಿ ಕೊಟ್ಟು ಫೋಟೊ ತೆಗೆಸಿಕೊಂಡ. ಸಸಿ ಪ್ಲಾಸ್ಟಿಕ್ ಕುಂಡದಲ್ಲಿತ್ತು. ಅವನು ಹೊರಟ ಮೇಲೆ ಫೋನು ಒಮ್ಮೆ ಬಡಿದುಕೊಂಡಿತು. ಪುಷ್ಪಾಳ ಕೈ ತಾನಾಗಿಯೇ ಮುಂದೆ ಹೋಯಿತು. ಅಷ್ಟರಲ್ಲಿ ಸದ್ದು ನಿಂತಿತು. ಹಸಿರಕ್ಕ ಎತ್ತಿಕೊಂಡಿದ್ದಳು.

ಆಮೇಲಿನದು ಚಿಕ್ಕ ಕತೆ. ಒಂಬತ್ತು ಒತ್ತಿದರೆ ಈಗ ಕೊಳಲಿನ ಸಂಗೀತ ಬರುತ್ತದೆ. ಹೆಂಗಸರು ಫೋನು ಮಾಡಿದರು, ಹಸಿರಕ್ಕ ಮಾಲೀಕರ ಹೆಸರು ಕೇಳಿದಳು, ಅವರು ಸುಮ್ಮನಿದ್ದರು, ಅವಳು ಶುಭದಿನ ಎಂದಳು. ಕ್ರಮೇಣ ಫೋನು ಮಾಡುವುದನ್ನೂ ಬಿಟ್ಟರು. ಶಿವನಂಜಪ್ಪ ಇನ್ನೊಮ್ಮೆ ಗರ್ಜಿಸಲು ಒಪ್ಪಲಿಲ್ಲವಂತೆ. ಕೆಟ್ಟ ಒಲೆಗಳು ಅಟ್ಟ ಸೇರಿದವು, ಮೂರು ಕಲ್ಲಿನ ಒಲೆಗಳು ಕೆಳಗೆ ಕೂತವು. ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದೂ ದೂರಿಲ್ಲ ಎಂದು ಕಂಪನಿ ಜಾಹೀರಾತು ಕೊಟ್ಟಿತು. ನಮ್ಮ ಬಳಗದ ವಾಟ್ಸಾಪಿನಲ್ಲಿ ಅದನ್ನು ಹಂಚಿಕೊಂಡವರು ಅಧ್ಯಕ್ಷರು. ಎಲ್ಲರೂ ಕೈಮುಗಿಯುವ ಚಿತ್ರ ಕಳಿಸಿದರು. ಅಭ್ಯಾಸಬಲದಿಂದ ನಾನೂ ಕಳಿಸಿದೆ.

ನನ್ನ ಒಲೆಗೆ ಫ್ಯಾನೇನೋ ಬಂತು, ಆದರೆ ಬೇರೆ ಅಳತೆಯದು. ಹೇಳಿಕೊಳ್ಳಲು ಮನುಷ್ಯರಿರಲಿಲ್ಲ. ಉಷಾರಾಣಿ ಆ ಒಲೆಗೆ ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟಳು. "ಈಗ ನಿಜವಾಗ್ಲೂ ಹಸಿರಾಯ್ತು," ಎಂದಳು. ಗೀಸರ್ ಮತ್ತೆ ಉರಿಯುತ್ತಿದೆ.

*

ಆಷಾಢದ ಮಳೆಯಲ್ಲಿ ಒಮ್ಮೆ ಕಂಪಲಾಪುರದಲ್ಲಿ ಇಳಿದೆ. ಪುಷ್ಪಾ ಎಲ್ಲಿ ಎಂದು ಕೇಳಿದ್ದಕ್ಕೆ, ಸಂತೆಯಿಂದ ಬರುತ್ತಿದ್ದ ಮುದುಕನೊಬ್ಬ ಬ್ಯಾರನ್ನಿನ ಕಡೆ ಕೈ ತೋರಿಸಿದ.

ಬ್ಯಾರನ್ನಿನ ಪಕ್ಕದ ಚಪ್ಪರದಡಿ ಹೆಂಗಸರು ಸಾಲಾಗಿ ಕೂತು ಸೊಪ್ಪು ಕಟ್ಟುತ್ತಿದ್ದರು. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಮರದ ದಿಮ್ಮಿಗಳ ಗುಡ್ಡೆ, ಎದುರಿಗೆ ಬ್ಯಾರನ್ನಿನ ಬಾಯಿಯಲ್ಲಿ ಕೆಂಪು ಬೆಂಕಿ. ಪುಷ್ಪಾ ಕಡ್ಡಿಯ ಮೇಲೆ ಎಲೆ ಹೆಣೆಯುವ ವೇಗ ನೋಡಿದರೆ ಅವಳು ನಡುವೆ ಎಲ್ಲಿಗೂ ಹೋಗಿಯೇ ಇರಲಿಲ್ಲವೇನೋ ಅನ್ನಿಸುತ್ತಿತ್ತು. ಕೈ ಮೊಣಕೈವರೆಗೆ ಕಪ್ಪಾಗಿತ್ತು.

"ಬನ್ನಿ ಸಾರ್. ಮುಟ್ಬೇಡಿ, ಮೆತ್ಕತದೆ," ಎಂದಳು.

ಮಧ್ಯಾಹ್ನದ ಬಿಡುವಿಗೆ ಮನೆಗೆ ಕರೆದುಕೊಂಡು ಹೋದಳು. ಬೂದಿ ಹಾಕಿ ಕೈ ಉಜ್ಜಿದಳು, ಸೋಪಿನಲ್ಲಿ ಉಜ್ಜಿದಳು, ಮತ್ತೆ ಬೂದಿಯಲ್ಲಿ ಉಜ್ಜಿದಳು. ತಟ್ಟೆಗೆ ಅನ್ನ ಬಡಿಸಿಕೊಂಡಳು, ಕೈಯಿಟ್ಟು ಕಲಸಲಿಲ್ಲ. ಸ್ಟೀಲ್ ಚಮಚದಲ್ಲಿ ತಿಂದಳು. ಮಗಳು ಶಾಲೆಯಿಂದ ಬಂದು ತಟ್ಟೆಗೆ ತಾನೇ ಬಡಿಸಿಕೊಂಡು ತಾನೇ ಕಲಸಿಕೊಂಡಳು.

ನನಗೆ ಕಾಫಿ ಕಾಯಿಸಲು ಅವಳು ಕೋಣೆಯ ಮೂಲೆಯ ಮೂರು ಕಲ್ಲಿನ ಒಲೆಗೆ ಹಸಿ ಪುರಲೆ ತುಂಬಿ ಊದತೊಡಗಿದಳು. ಮನೆಯೆಲ್ಲ ಹೊಗೆ ತುಂಬಿತು. ಹೊಗೆಯ ನಡುವೆ ಅಟ್ಟದ ಮೇಲೆ ನೆಲನಂಟಿನ ಒಲೆ, ತಲೆಕೆಳಗಾಗಿ, ಅದರ ಮೇಲೊಂದು ಹಳೇ ಚಾಪೆ. ಮಾತಾಡಲು ನನಗೆ ಬಹಳ ವಿಷಯಗಳಿದ್ದವು. ಬೆಟ್ಟದಪುರದ ಮಂಗಳಮ್ಮನಿಗೆ ಸುಳ್ಳು ಹೇಳಿ ಬಂದದ್ದನ್ನು ಹೇಳಿದೆ. ತಲೆಯಾಡಿಸಿದಳು. ಬೇರೆ ಕಡೆ ಕೆಲಸ ಹುಡುಕಿದ್ರಾ ಎಂದೆ. ಹುಣಸೂರಲ್ಲಿ ಎಲ್ಲ ಕಡೆಯೂ ಹಸಿರಕ್ಕನಂಥ ಅಕ್ಕಂದಿರೇ ಇದಾರೆ ಎಂದಳು. ನನ್ನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಹೊಗೆಯಿಂದ ಎಂದೇ ಇಟ್ಟುಕೊಳ್ಳಿ.

ಕಣ್ಣುಜ್ಜಿಕೊಳ್ಳುತ್ತ, ಅಟ್ಟದ ಕಡೆ ಕೈ ತೋರಿಸಿ ಕೇಳಿದೆ: "ನಿಮ್ಮ ಮನೆ ಒಲೇನೂ ಕೆಟ್ಟೋಯ್ತಾ ಪುಷ್ಪಮ್ಮ?"

ಅವಳು ಊದುಗೊಳವೆ ಬಾಯಿಂದ ತೆಗೆದು, ಒಮ್ಮೆ ಕೆಮ್ಮಿ, ಹೇಳಿದಳು:

"ಇಲ್ಲ ಸಾರ್. ಕಂಪನಿ ಲೆಕ್ಕದಲ್ಲಿ ಚೆನ್ನಾಗಿ ಉರೀತಾ ಅದೆ."